ಬೀಗದ ಕೈ ಜೇಬಿನಲ್ಲೇ ಇದೆ

ಜುಲೈ ಬಂತೆಂದರೆ ಆಡಿಟರ್ ಕಚೇರಿಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ಕಾಲ ಅದು. “ಆಧಾರ್, ಪ್ಯಾನ್, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಮೇಲ್ ಮಾಡ್ಬಿಡಿ ಮೇಡಂ, ಉಳಿದದ್ದು ನಾವು ನೋಡ್ಕೊಳ್ತೀವಿ” ಎಂಬ ಮಾತು ಫೋನಿನಲ್ಲಿ ದಿನಕ್ಕೆ ನೂರು ಸಲ ಕೇಳಿಬರುತ್ತದೆ. ತೀರ್ಥಹಳ್ಳಿಯ ಶಿಕ್ಷಕಿಯಿರಲಿ, ರಾಯಚೂರಿನ ಔಷಧಿ ಅಂಗಡಿಯವರಿರಲಿ, ಮೊಬೈಲಿನಲ್ಲೇ ಫೋಟೊ ಹೊಡೆದು, ಅಲ್ಲೇ ಲಗತ್ತಿಸಿ, ಅಲ್ಲೇ ಕಳಿಸಿ ಮರೆತುಬಿಡುತ್ತಾರೆ. ಎರಡು ನಿಮಿಷದ ಕೆಲಸ.

ಆ ಮೇಲ್ ಮಾತ್ರ ಮರೆಯುವುದಿಲ್ಲ. ಕಳಿಸಿದವರ ‘ಸೆಂಟ್’ ಕಡತದಲ್ಲಿ ಅದರ ಒಂದು ಪ್ರತಿ ಉಳಿಯಿತು, ಆಡಿಟರ್ ಇನ್‌ಬಾಕ್ಸಿನಲ್ಲಿ ಇನ್ನೊಂದು. ಅದೇ ಖಾತೆ ತೆರೆದಿಟ್ಟ ಸಹಾಯಕನ ಮೊಬೈಲಿನಲ್ಲಿ ಮತ್ತೊಂದು, ಎರಡೂ ಕಡೆಯ ಮೇಲ್ ಕಂಪನಿಗಳ ಸರ್ವರ್‌ಗಳಲ್ಲಿ ಮಗದೊಂದು. ನಾಲ್ಕು ವರ್ಷದ ನಂತರ ಇವುಗಳಲ್ಲಿ ಯಾವುದೋ ಒಂದು ಖಾತೆಯ ಪಾಸ್‌ವರ್ಡ್ ಕಳ್ಳರ ಕೈಗೆ ಸಿಕ್ಕಿದರೆ ಸಾಕು, ಒಬ್ಬರ ಹೆಸರು, ಸಹಿ, ವಿಳಾಸ, ಸಂಬಳ, ಬ್ಯಾಂಕ್ ಖಾತೆ ಎಲ್ಲವೂ ಒಂದೇ ತಟ್ಟೆಯಲ್ಲಿ ಬಡಿಸಿಟ್ಟಂತೆ ಸಿಗುತ್ತದೆ.

“ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ” ಎನ್ನುವವರಿದ್ದಾರೆ. ಇದೆ, ನಿಜ. ಡೌನ್‌ಲೋಡ್ ಮಾಡಿಕೊಂಡ ಇ-ಆಧಾರ್‌ನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಅದರ ಮುಂದೆ ಹುಟ್ಟಿದ ವರ್ಷ. ಹೆಸರು ಮೇಲ್ ವಿಳಾಸದಲ್ಲೇ ಇರುತ್ತದೆ, ಹುಟ್ಟಿದ ವರ್ಷ ಫೇಸ್‌ಬುಕ್‌ನಲ್ಲಿ. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಹೊಸ್ತಿಲ ಪಕ್ಕದ ತುಳಸಿಕಟ್ಟೆಯ ಮೇಲೆ ಇಟ್ಟುಹೋದಷ್ಟೇ ಭದ್ರತೆ ಅದು.

ಹಾಗಾದರೆ ಕಳಿಸಿದವರು ಮತ್ತು ಪಡೆದವರು ಇಬ್ಬರನ್ನು ಬಿಟ್ಟು ನಡುವೆ ಯಾರೊಬ್ಬರೂ ಓದಲಾಗದ ಮೇಲ್ ಕಳಿಸಲು ಸಾಧ್ಯವೇ? ಅದೂ ಸಾಮಾನ್ಯ ಮೊಬೈಲಿನಲ್ಲಿ, ಕಂಪ್ಯೂಟರ್ ಪದವಿಯಿಲ್ಲದವರಿಗೆ? ಮೊದಲ ಪ್ರಶ್ನೆಗೆ 1991ರಿಂದಲೇ ಉತ್ತರ ‘ಹೌದು’. ಎರಡನೆಯದಕ್ಕೆ ‘ಹೌದು’ ಎನ್ನಲು ಇನ್ನೂ ಕಾಲು ಶತಮಾನ ಬೇಕಾಯಿತು. ಯಾಕೆ ಇಷ್ಟು ತಡವಾಯಿತು ಎಂಬುದರಲ್ಲೇ ಕಥೆಯಿದೆ.

ಮೇಲ್ ಎಂಬುದು ಹುಟ್ಟಿದ್ದೇ ಪೋಸ್ಟ್‌ಕಾರ್ಡಿನ ರೂಪದಲ್ಲಿ. ಅಮೆರಿಕದ ರೇ ಟಾಮ್ಲಿನ್‌ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿ, ಹೆಸರಿಗೂ ಯಂತ್ರಕ್ಕೂ ನಡುವೆ ಇಂದು ನಾವೆಲ್ಲ ಬಳಸುವ ‘ಅಟ್’ ಚಿಹ್ನೆಯನ್ನು ಇಟ್ಟರು. ಮೇಲ್ ಹೇಗೆ ಸರ್ವರ್‌ನಿಂದ ಸರ್ವರ್‌ಗೆ ದಾಟಬೇಕು ಎಂಬ ನಿಯಮಾವಳಿ 1982ರಲ್ಲಿ ಬಂತು. ಆಗ ಜಾಲದಲ್ಲಿ ಇದ್ದವರು ಬೆರಳೆಣಿಕೆಯ ವಿಶ್ವವಿದ್ಯಾಲಯಗಳು, ಸಂಶೋಧನಾಲಯಗಳು. ಎಲ್ಲರೂ ಎಲ್ಲರಿಗೂ ಪರಿಚಿತರಿದ್ದ ಊರಿನಲ್ಲಿ ಬಾಗಿಲಿಗೆ ಅಗುಳಿ ಹಾಕುವ ಯೋಚನೆ ಬರಲಿಲ್ಲ.

ಈಗ ಪರಿಸ್ಥಿತಿ ಸುಧಾರಿಸಿದೆ. ಜಿಮೇಲ್‌ನಂಥ ದೊಡ್ಡ ಸೇವೆಗಳು ಮೇಲನ್ನು ಒಂದು ಸರ್ವರ್‌ನಿಂದ ಮತ್ತೊಂದಕ್ಕೆ ಸಾಗಿಸುವಾಗ ಟಿಎಲ್ಎಸ್ ಎಂಬ ರಕ್ಷಣೆಯನ್ನು ಬಳಸುತ್ತವೆ. ಆದರೆ ಇದು ಸಾಗಾಟದ ರಕ್ಷಣೆ ಮಾತ್ರ. ಎಪಿಎಂಸಿಯ ಲಾರಿಗೆ ಟಾರ್ಪಾಲು ಬಿಗಿದು ಕಟ್ಟಿದ್ದಾರೆ, ದಾರಿಯಲ್ಲಿ ಯಾರೂ ಇಣುಕಲಾರರು. ಗೋದಾಮು ತಲುಪಿದ ಮೇಲೆ ಟಾರ್ಪಾಲು ಬಿಚ್ಚಿ ಮೂಟೆ ಇಳಿಸುತ್ತಾರೆ, ಅಲ್ಲಿ ಕೆಲಸ ಮಾಡುವವರಿಗೆ ಒಳಗಿರುವುದು ಕಡಲೆಯೋ ತೊಗರಿಯೋ ಕಾಣುತ್ತದೆ. ಜಾಹೀರಾತು ಹೊಂದಿಸಲು ಜಿಮೇಲ್ ಸಂದೇಶಗಳನ್ನು ಜಾಲಾಡುವುದನ್ನು ನಿಲ್ಲಿಸುವುದಾಗಿ ಗೂಗಲ್ 2017ರಲ್ಲಿ ಹೇಳಿತು. ಅಲ್ಲಿಯವರೆಗೆ ಜಾಲಾಡುತ್ತಿತ್ತು ಎಂದೇ ಅದರ ಅರ್ಥ. ಕಂಪನಿ ಓದುತ್ತದೆಯೋ ಇಲ್ಲವೋ ಬೇರೆ ಮಾತು, ಓದಬೇಕೆಂದರೆ ಓದಬಹುದು. ಆ ಸಾಧ್ಯತೆಯನ್ನೇ ಇಲ್ಲವಾಗಿಸುವುದು ಎಂಡ್ ಟು ಎಂಡ್ ಎನ್‌ಕ್ರಿಪ್ಷನ್. ಮೂಟೆ ಕಟ್ಟುವವರೇ ಅದಕ್ಕೆ ಬೀಗ ಜಡಿಯುತ್ತಾರೆ, ತೆರೆಯುವುದು ತಲುಪಬೇಕಾದವರ ಮನೆಯಲ್ಲಿ ಮಾತ್ರ.

ಗುಟ್ಟಾಗಿ ಬರೆಯುವ ಕಲೆ ನಮಗೆ ಹೊಸತಲ್ಲ. ಕನ್ನಡದಲ್ಲೇ ‘ಸಿರಿಭೂವಲಯ’ ಎಂಬ ವಿಚಿತ್ರ ಕೃತಿಯಿದೆ. ಅಕ್ಷರಗಳೇ ಇಲ್ಲ, 27 ಸಾಲು, 27 ಕಂಬಗಳ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು ಮಾತ್ರ. ಒಂದೊಂದು ಅಂಕಿಗೆ ಒಂದೊಂದು ಧ್ವನಿ. ಯಾವ ಮನೆಯಿಂದ ಹೊರಟು ಯಾವ ಮನೆಗೆ ಜಿಗಿಯಬೇಕು ಎಂಬ ‘ಬಂಧ’ ಗೊತ್ತಿದ್ದವರಿಗೆ ಅದು ಸಾಹಿತ್ಯ, ಗೊತ್ತಿಲ್ಲದವರಿಗೆ ಬರೀ ಲೆಕ್ಕದ ಪುಸ್ತಕ. ಕರ್ಲಮಂಗಲಂ ಶ್ರೀಕಂಠಯ್ಯ, ಯಲ್ಲಪ್ಪ ಶಾಸ್ತ್ರಿ ಮೊದಲಾದವರ ಶ್ರಮದಿಂದ 1953ರಲ್ಲಿ ಅದರ ಭಾಗ ಅಚ್ಚಾಯಿತು. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆ ಚರ್ಚೆ ಇಲ್ಲಿ ಬೇಡ. ಇಲ್ಲಿ ಬೇಕಾದದ್ದು ಒಂದು ಸಂಗತಿ: ಬರೆದವರು ಓದುವವರಿಗೆ ಬಂಧವನ್ನು ಮೊದಲೇ ಹೇಳಿಕೊಟ್ಟಿರಬೇಕು. ಸಾವಿರಾರು ವರ್ಷಗಳ ಗೂಢಲಿಪಿಗಳಿಗೆಲ್ಲ ಇದ್ದ ತೊಡಕು ಇದೇ. ಗುಟ್ಟನ್ನು ಕಳಿಸುವ ಮುನ್ನ ಗುಟ್ಟಿನ ಕೀಲಿಯನ್ನು ಕಳಿಸಬೇಕು, ಆ ಕೀಲಿಯೇ ದಾರಿಯಲ್ಲಿ ಕಳುವಾದರೆ?

ಈ ಗಂಟನ್ನು ಬಿಡಿಸಿದ್ದು 1976ರಲ್ಲಿ ಅಮೆರಿಕದ ಸಂಶೋಧಕರಾದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್. ಮರುವರ್ಷ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಅದನ್ನು ಕೆಲಸ ಮಾಡುವ ಗಣಿತವಾಗಿ ಮಾಡಿ ತೋರಿಸಿದರು. ಆ ವಿಧಾನದ ಹೆಸರು, ಅವರ ಹೆಸರಿನ ಮೊದಲಕ್ಷರಗಳು ಸೇರಿದ ಆರ್‌ಎಸ್‌ಎ. ಬ್ರಿಟನ್ನಿನ ಗುಪ್ತಚರ ಗಣಿತಜ್ಞರು ಇದನ್ನು ಕೆಲ ವರ್ಷ ಮೊದಲೇ ಕಂಡುಕೊಂಡಿದ್ದರೂ ಆ ಸಂಗತಿ ಹೊರಬಿದ್ದದ್ದು 1997ರಲ್ಲಿ.

ಅರ್ಥ ಮಾಡಿಕೊಳ್ಳಲು ದೇವಸ್ಥಾನದ ಹುಂಡಿಯನ್ನು ನೆನೆದರೆ ಸಾಕು. ಹುಂಡಿ ಎಲ್ಲರ ಎದುರಿಗೇ ಇರುತ್ತದೆ. ಯಾರು ಬೇಕಾದರೂ ಕಾಣಿಕೆ ಹಾಕಬಹುದು, ಅಪರಿಚಿತರೂ ಹಾಕಬಹುದು. ಹಾಕಿದ ಮೇಲೆ ಹಾಕಿದವರೂ ಅದನ್ನು ಹೊರತೆಗೆಯಲಾರರು. ತೆರೆಯಬಲ್ಲವರು ಕೀಲಿಕೈ ಇಟ್ಟುಕೊಂಡ ಧರ್ಮದರ್ಶಿ ಮಾತ್ರ. ಮೇಲ್ ಬಳಸುವ ಪ್ರತಿಯೊಬ್ಬರಿಗೂ ಹೀಗೆ ಒಂದು ಜೋಡಿ: ಊರಿಗೆಲ್ಲ ಹಂಚಬಹುದಾದ ಸಾರ್ವಜನಿಕ ಕೀಲಿ, ಯಾರಿಗೂ ಕೊಡಬಾರದ ಖಾಸಗಿ ಕೀಲಿ. ಪುಸ್ತಕಗಳು ಎರಡನ್ನೂ ‘ಕೀಲಿ’ ಎಂದೇ ಕರೆಯುವುದರಿಂದ ಓದುಗರು ಗೊಂದಲಕ್ಕೆ ಬೀಳುತ್ತಾರೆ. ಧಾರವಾಡ, ಬೆಳಗಾವಿ ಕಡೆಯ ಆಡುಮಾತು ಇಲ್ಲಿ ಹೆಚ್ಚು ನಿಖರ. ಅಲ್ಲಿ ಕೀಲಿ ಎಂದರೆ ಬೀಗ, ಕೀಲಿಕೈ ಎಂದರೆ ಅದನ್ನು ತೆರೆಯುವ ಸಾಧನ. ಸಾರ್ವಜನಿಕವಾದದ್ದು ಕೀಲಿ, ಖಾಸಗಿಯಾದದ್ದು ಕೀಲಿಕೈ ಎಂದುಬಿಟ್ಟರೆ ಅರ್ಧ ಪಾಠ ಮುಗಿಯಿತು.

ಈ ಗಣಿತವನ್ನು ಸಾಮಾನ್ಯರ ಮೇಲ್‌ಗೆ ತಂದವರು ಅಮೆರಿಕದ ಫಿಲ್ ಜಿಮ್ಮರ್‌ಮನ್. ಅಣ್ವಸ್ತ್ರ ವಿರೋಧಿ ಚಳವಳಿಯಲ್ಲಿದ್ದ ಅವರು 1991ರಲ್ಲಿ ಪಿಜಿಪಿ ಎಂಬ ತಂತ್ರಾಂಶ ಬರೆದು ಉಚಿತವಾಗಿ ಹಂಚಿದರು. ಪ್ರಬಲ ಗೂಢಲಿಪಿಯನ್ನು ಅಮೆರಿಕದ ಕಾನೂನು ಆಗ ಯುದ್ಧಸಾಮಗ್ರಿಗಳ ಪಟ್ಟಿಯಲ್ಲಿ ಇಟ್ಟಿತ್ತು. ತಂತ್ರಾಂಶ ದೇಶದ ಗಡಿ ದಾಟಿದ್ದಕ್ಕೆ ಅವರ ಮೇಲೆ ಮೂರು ವರ್ಷ ಕ್ರಿಮಿನಲ್ ತನಿಖೆ ನಡೆಯಿತು. 1995ರಲ್ಲಿ ಎಂಐಟಿ ಪ್ರೆಸ್ ಪಿಜಿಪಿಯ ಇಡೀ ಮೂಲ ಸಂಕೇತವನ್ನು ಪುಸ್ತಕವಾಗಿ ಅಚ್ಚುಹಾಕಿತು. ತಂತ್ರಾಂಶದ ರಫ್ತಿಗೆ ತಡೆಯಿತ್ತು, ಪುಸ್ತಕಕ್ಕೆ ಇರಲಿಲ್ಲ! 1996ರ ಜನವರಿಯಲ್ಲಿ ಸರ್ಕಾರ ಮೊಕದ್ದಮೆ ಹೂಡದೆ ತನಿಖೆ ಕೈಬಿಟ್ಟಿತು.

ಗಣಿತ ಗೆದ್ದಿತು, ಸರ್ಕಾರ ಹಿಂದೆ ಸರಿಯಿತು. ಆದರೂ ಜನ ಬಳಸಲಿಲ್ಲ.

ಯಾಕೆಂದು 1999ರಲ್ಲಿ ಸಂಶೋಧಕರಾದ ಆಲ್ಮಾ ವಿಟನ್ ಮತ್ತು ಜೆ.ಡಿ. ಟೈಗರ್ ಪರೀಕ್ಷಿಸಿ ನೋಡಿದರು. ಮೇಲ್ ಬಳಸಿ ಅಭ್ಯಾಸವಿದ್ದ 12 ಜನರನ್ನು ಕೂರಿಸಿ, “ನೀವು ಚುನಾವಣಾ ಪ್ರಚಾರದ ಕಾರ್ಯಕರ್ತರು, ಅಭ್ಯರ್ಥಿಯ ಪ್ರವಾಸದ ವಿವರವನ್ನು ನಿಮ್ಮ ತಂಡದವರಿಗೆ ಗುಟ್ಟಾಗಿ ಕಳಿಸಿ” ಎಂಬ ಕೆಲಸ ಕೊಟ್ಟರು. ಕೈಯಲ್ಲಿ ಪಿಜಿಪಿ 5.0, ಸಮಯ 90 ನಿಮಿಷ. ಸರಿಯಾಗಿ ಮಾಡಿ ಮುಗಿಸಿದವರು ಮೂರನೇ ಒಂದು ಭಾಗ ಮಾತ್ರ. ಮೂವರು ಗುಟ್ಟನ್ನು ಬೀಗವಿಲ್ಲದೆಯೇ ಕಳಿಸಿಬಿಟ್ಟರು. ಹಲವರು ಪಡೆಯುವವರ ಕೀಲಿಯ ಬದಲು ತಮ್ಮದೇ ಕೀಲಿಯಿಂದ ಸಂದೇಶವನ್ನು ಮುಚ್ಚಿದರು, ಅಂದರೆ ಕಾಣಿಕೆಯನ್ನು ತಮ್ಮ ಮನೆಯ ಹುಂಡಿಗೇ ಹಾಕಿ ಹುಂಡಿಯನ್ನು ಪಕ್ಕದೂರಿಗೆ ಕಳಿಸಿದರು. ಹದಿನಾರು ವರ್ಷದ ನಂತರ, 2015ರಲ್ಲಿ, ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು ಹೊಸ ತಂತ್ರಾಂಶ ಕೊಟ್ಟು ಹತ್ತು ಜೋಡಿಗಳನ್ನು ಪರೀಕ್ಷಿಸಿದರು. ಒಂದು ಗಂಟೆಯ ಅವಧಿಯಲ್ಲಿ ಒಬ್ಬರಿಗೊಬ್ಬರು ಬೀಗದ ಮೇಲ್ ಕಳಿಸುವಲ್ಲಿ ಗೆದ್ದದ್ದು ಒಂದೇ ಒಂದು ಜೋಡಿ.

ಇದು ಬಳಸುವವರ ದಡ್ಡತನವಲ್ಲ. ಪತ್ರಿಕೋದ್ಯಮದ ಇತಿಹಾಸದಲ್ಲೇ ದೊಡ್ಡದೆನಿಸುವ ಸುದ್ದಿಯೊಂದು ಇದೇ ಕಾರಣಕ್ಕೆ ಕೈತಪ್ಪುವುದರಲ್ಲಿತ್ತು. 2012ರ ಡಿಸೆಂಬರ್‌ನಲ್ಲಿ ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್‌ಗೆ ‘ಸಿನ್ಸಿನಾಟಸ್’ ಎಂಬ ಹೆಸರಿನಲ್ಲಿ ಒಂದು ಮೇಲ್ ಬಂತು. ‘ಪಿಜಿಪಿ ಹಾಕಿಕೊಳ್ಳಿ, ನಿಮಗೆ ಹೇಳಬೇಕಾದದ್ದಿದೆ’ ಎಂಬುದು ಅದರ ಸಾರ. ಆ ಅಪರಿಚಿತ, ಹೇಗೆ ಹಾಕಿಕೊಳ್ಳಬೇಕೆಂದು ವಿವರಿಸುವ ವಿಡಿಯೊವನ್ನೂ ಮಾಡಿ ಕಳಿಸಿದ. ಗ್ರೀನ್‌ವಾಲ್ಡ್‌ಗೆ ಅದು ತಲೆಬಿಸಿಯ ಕೆಲಸವೆನಿಸಿ ಹಾಗೇ ಬಿಟ್ಟರು. ಬರೆದಿದ್ದವರು, ಅಮೆರಿಕದ ಬೇಹುಗಾರಿಕೆಯ ರಹಸ್ಯ ದಾಖಲೆಗಳನ್ನು ಬಯಲು ಮಾಡಹೊರಟಿದ್ದ ಎಡ್ವರ್ಡ್ ಸ್ನೋಡೆನ್. ಕೊನೆಗೆ ಅವರು ಪಿಜಿಪಿ ಬಳಸುವ ಅಭ್ಯಾಸವಿದ್ದ ಚಿತ್ರ ನಿರ್ದೇಶಕಿ ಲಾರಾ ಪೊಯಿಟ್ರಸ್ ಅವರನ್ನು ಸಂಪರ್ಕಿಸಿದರು. ಆ ದಾಖಲೆಗಳು 2013ರ ಜೂನ್‌ನಲ್ಲಿ ಜಗತ್ತಿನ ಮುಂದೆ ಬಂದದ್ದು ಆ ದಾರಿಯಿಂದ.

ಇಷ್ಟರಲ್ಲಿ ಮೊಬೈಲ್ ಎಲ್ಲರ ಕೈಗೆ ಬಂದಿತ್ತು. ವಾಟ್ಸ್‌ಆ್ಯಪ್ 2016ರ ಏಪ್ರಿಲ್‌ನಲ್ಲಿ ತನ್ನ ಎಲ್ಲ ಬಳಕೆದಾರರಿಗೂ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಕೊಟ್ಟಾಗ ನೂರು ಕೋಟಿಗೂ ಹೆಚ್ಚು ಜನ ಒಂದು ಗುಂಡಿಯನ್ನೂ ಒತ್ತದೆ ಗೂಢಲಿಪಿಯ ಬಳಕೆದಾರರಾದರು. ತೊಟ್ಟಿಲ ಫೋಟೊ ಕಳಿಸುವ ಅಜ್ಜಿಗೂ ಅದೇ ಬೀಗ. ಮೇಲ್‌ಗೆ ಅದು ಯಾಕೆ ಆಗಲಿಲ್ಲವೆಂದರೆ, ವಾಟ್ಸ್‌ಆ್ಯಪ್ ಒಂದು ಕಂಪನಿಯ ಸೊತ್ತು, ಒಂದೇ ಆದೇಶ ಸಾಕು. ಮೇಲ್ ಯಾರೊಬ್ಬರ ಸೊತ್ತೂ ಅಲ್ಲ. ಸಾವಿರಾರು ಸರ್ವರ್‌ಗಳು, ನೂರಾರು ಆ್ಯಪ್‌ಗಳು, ಎಲ್ಲರನ್ನೂ ಒಪ್ಪಿಸಬೇಕು. ಮೇಲ್‌ನ ಸ್ವಾತಂತ್ರ್ಯವೂ ಅದೇ, ಅದರ ಕಷ್ಟವೂ ಅದೇ.

ಮೊಬೈಲಿನಲ್ಲಿ ಈಗ ಕಾಣುವ ದಾರಿಗಳು ಮುಖ್ಯವಾಗಿ ಎರಡು. ಎರಡೂ ಕೀಲಿಯ ತಾಪತ್ರಯವನ್ನು ಬಳಸುವವರ ಕಣ್ಣಿನಿಂದ ಮರೆಮಾಡುತ್ತವೆ, ಆದರೆ ಮಾಡುವ ಬಗೆ ಬೇರೆ.

ಮೊದಲನೆಯದು ಇಡೀ ಮೇಲ್ ಸೇವೆಯನ್ನೇ ಬೀಗದ ಸುತ್ತ ಕಟ್ಟಿರುವುದು. ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ಪರಿಚಯವಾದ ಯುವ ವಿಜ್ಞಾನಿಗಳು 2014ರಲ್ಲಿ ಆರಂಭಿಸಿದ ಪ್ರೋಟಾನ್ ಮೇಲ್, ಜರ್ಮನಿಯ ಹ್ಯಾನೋವರ್‌ನ ಟುಟನೋಟ ಇದಕ್ಕೆ ಉದಾಹರಣೆ. ಟುಟನೋಟ 2023ರಿಂದ ‘ಟುಟಾ’ ಎಂದು ಹೆಸರು ಬದಲಿಸಿಕೊಂಡಿದೆ. ಖಾತೆ ತೆರೆಯುವ ಹೊತ್ತಿನಲ್ಲೇ ಮೊಬೈಲ್ ಒಳಗೊಳಗೇ ಕೀಲಿಗಳ ಜೋಡಿಯನ್ನು ತಯಾರಿಸುತ್ತದೆ. ಖಾಸಗಿ ಕೀಲಿಕೈಯನ್ನು ಬಳಕೆದಾರರ ಪಾಸ್‌ವರ್ಡಿನಿಂದಲೇ ಮುಚ್ಚಿ ಸರ್ವರ್‌ನಲ್ಲಿಡುತ್ತದೆ. ಕಂಪನಿಯ ಬಳಿ ಪೆಟ್ಟಿಗೆಯಿದೆ, ತೆರೆಯುವ ದಾರಿಯಿಲ್ಲ. ಪ್ರೋಟಾನ್‌ನಿಂದ ಪ್ರೋಟಾನ್‌ಗೆ ಹೋಗುವ ಮೇಲ್ ತಾನಾಗಿಯೇ ಬೀಗ ಹಾಕಿಕೊಂಡು ಹೋಗುತ್ತದೆ.

ಆದರೆ ಆಡಿಟರ್ ಜಿಮೇಲ್‌ನಲ್ಲಿದ್ದರೆ? ಬಹುತೇಕರ ಪ್ರಶ್ನೆ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು. ಶಿಕ್ಷಕಿ ಪ್ರೋಟಾನ್ ಆ್ಯಪ್ ತೆರೆದು ಎಂದಿನಂತೆ ಆಡಿಟರ್‌ನ ಜಿಮೇಲ್ ವಿಳಾಸ ಹಾಕುತ್ತಾರೆ, ಪ್ಯಾನ್ ಕಾರ್ಡ್ ಲಗತ್ತಿಸುತ್ತಾರೆ. ಬರೆಯುವ ಪರದೆಯಲ್ಲೇ ಪುಟ್ಟ ಬೀಗದ ಚಿತ್ರವಿದೆ. ಅದನ್ನು ಒತ್ತಿದರೆ ಈ ಒಂದು ಮೇಲ್‌ಗೆ ಮಾತ್ರ ಅನ್ವಯವಾಗುವ ಪಾಸ್‌ವರ್ಡ್ ಕೇಳುತ್ತದೆ. ಎರಡು ಸಲ ಟೈಪ್ ಮಾಡಿ ಕಳಿಸಿದರೆ ಮುಗಿಯಿತು. ಆಡಿಟರ್‌ನ ಜಿಮೇಲ್‌ಗೆ ಪ್ಯಾನ್ ಕಾರ್ಡ್ ಹೋಗುವುದಿಲ್ಲ, ‘ನಿಮಗೊಂದು ಸಂದೇಶವಿದೆ’ ಎಂಬ ಕೊಂಡಿ ಹೋಗುತ್ತದೆ. ಕೊಂಡಿ ಒತ್ತಿದರೆ ಬ್ರೌಸರಿನಲ್ಲಿ ಪುಟ ತೆರೆದು ಪಾಸ್‌ವರ್ಡ್ ಕೇಳುತ್ತದೆ. ಹಾಕಿದರೆ ಅಲ್ಲೇ ಓದಬಹುದು, ಅಲ್ಲಿಂದಲೇ ಬೀಗದೊಳಗೇ ಉತ್ತರವನ್ನೂ ಬರೆಯಬಹುದು. ಅವಧಿಯನ್ನು ಬೇರೆ ಹೇಳದಿದ್ದರೆ 28 ದಿನಕ್ಕೆ ಆ ಸಂದೇಶ ತಾನಾಗಿ ಅಳಿಯುತ್ತದೆ. ಜುಲೈನ ಮೇಲ್ ನಾಲ್ಕು ವರ್ಷ ಇನ್‌ಬಾಕ್ಸಿನಲ್ಲಿ ಕೊಳೆಯುವ ಸಮಸ್ಯೆಗೆ ಇದು ದೊಡ್ಡ ಪರಿಹಾರ.

ಇಲ್ಲಿ ಜನ ಮಾಡುವ ತಪ್ಪು ಒಂದೇ: ಪಾಸ್‌ವರ್ಡನ್ನು ಇನ್ನೊಂದು ಮೇಲ್‌ನಲ್ಲಿ ಕಳಿಸುವುದು. ಅದನ್ನು ಫೋನ್ ಮಾಡಿ ಬಾಯಲ್ಲಿ ಹೇಳಬೇಕು. ಹೆಸರು, ಜನ್ಮದಿನ ಬೇಡ. ಪರಸ್ಪರ ಸಂಬಂಧವಿಲ್ಲದ ಐದಾರು ಪದಗಳನ್ನು ಪೋಣಿಸಿದರೆ ನೆನಪಿಡಲೂ ಸುಲಭ, ಊಹಿಸಲು ಕಷ್ಟ.

ಎರಡನೆಯ ದಾರಿ ಈಗಿರುವ ವಿಳಾಸವನ್ನು ಬಿಡದೆ, ಅದರ ಮೇಲೆಯೇ ಬೀಗ ಅಳವಡಿಸುವುದು. ಇದರ ತಳಹದಿ ಜಿಮ್ಮರ್‌ಮನ್ ಹಾಕಿದ ಹಾದಿಯಿಂದ ಬೆಳೆದ ಓಪನ್‌ಪಿಜಿಪಿ ಎಂಬ ಮುಕ್ತ ಮಾನದಂಡ. ಆಂಡ್ರಾಯ್ಡ್‌ನಲ್ಲಿ ಬಹುಕಾಲದಿಂದ ಇದ್ದ ಕೆ-9 ಮೇಲ್ ಎಂಬ ಮುಕ್ತ ಆ್ಯಪ್ 2022ರಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದ ಬಳಗ ಸೇರಿ, 2024ರ ಅಕ್ಟೋಬರ್‌ನಲ್ಲಿ ‘ಥಂಡರ್‌ಬರ್ಡ್’ ಹೆಸರಿನಲ್ಲೇ ಮೊಬೈಲಿಗೆ ಬಂತು. ಅದರ ಜೊತೆಗೆ ಓಪನ್‌ಕೀಚೈನ್ ಎಂಬ ಇನ್ನೊಂದು ಆ್ಯಪ್ ಹಾಕಿಕೊಂಡು ಹೆಸರು, ಮೇಲ್ ವಿಳಾಸ ಕೊಟ್ಟರೆ ಕೀಲಿಗಳ ಜೋಡಿ ಸಿದ್ಧ. ಜಿಮೇಲ್ ಬಳಸುವವರಿಗೆ ಫ್ಲೋಕ್ರಿಪ್ಟ್ ಎಂಬ ಆ್ಯಪ್ ಇದೇ ಕೆಲಸ ಮಾಡುತ್ತದೆ.

ಹಳೆಯ ಪಿಜಿಪಿಯಲ್ಲಿ ಜನರ ಜೀವ ಹಿಂಡುತ್ತಿದ್ದದ್ದು ಇನ್ನೊಬ್ಬರ ಸಾರ್ವಜನಿಕ ಕೀಲಿಯನ್ನು ಹುಡುಕಿ ತರುವ ಕೆಲಸ. 2017ರಲ್ಲಿ ರೂಪುಗೊಂಡ ಆಟೊಕ್ರಿಪ್ಟ್ ಎಂಬ ಒಪ್ಪಂದ ಇದಕ್ಕೆ ಸರಳ ಉಪಾಯ ಹೇಳಿತು: ಪ್ರತಿ ಮೇಲ್‌ನ ತಲೆಬರಹದಲ್ಲೇ ಕಳಿಸುವವರ ಸಾರ್ವಜನಿಕ ಕೀಲಿಯನ್ನು ಸದ್ದಿಲ್ಲದೆ ಇಟ್ಟು ಕಳಿಸುವುದು. ಮೊದಲ ಕಾಗದ ತೆರೆದೇ ಹೋಗುತ್ತದೆ, ಆದರೆ ಅದರ ಜೊತೆ ಕೀಲಿಯೂ ಹೋಗುತ್ತದೆ. ಉತ್ತರ ಬರುವಾಗ ಬೀಗ ಹಾಕಿಕೊಂಡೇ ಬರಬಹುದು. ಮದುವೆಯಲ್ಲಿ ಪರಿಚಯವಾದವರು ಕೈಗೆ ವಿಳಾಸದ ಚೀಟಿ ಕೊಟ್ಟುಹೋದ ಹಾಗೆ. ಡೆಲ್ಟಾ ಚಾಟ್ ಎಂಬ ಆ್ಯಪ್ ಇದೇ ಉಪಾಯದ ಮೇಲೆ ನಿಂತಿದೆ. ನೋಡಲು ವಾಟ್ಸ್‌ಆ್ಯಪ್‌ನಂತೆ, ಒಳಗೆ ಓಡುವುದು ಮೇಲ್.

ಈ ಸರಳತೆಗೆ ಒಂದು ಬೆಲೆಯಿದೆ. ಚೀಟಿ ಕೊಟ್ಟವರು ನಿಜವಾಗಿ ಅವರೇನಾ? ನಡುವೆ ಯಾರೋ ಚೀಟಿ ಬದಲಿಸಿರಬಹುದಲ್ಲ? ಈ ಸಂಶಯ ಬಗೆಹರಿಸಲು ಪ್ರತಿ ಕೀಲಿಗೂ ಒಂದು ‘ಬೆರಳಚ್ಚು’ ಇದೆ. ಸಾಮಾನ್ಯವಾಗಿ 40 ಅಂಕಿ-ಅಕ್ಷರಗಳು, ನಾಲ್ಕು ನಾಲ್ಕರ ಹತ್ತು ಗುಂಪು. ಇಬ್ಬರೂ ಫೋನಿನಲ್ಲಿ ಮಗ್ಗಿ ಒಪ್ಪಿಸಿದಂತೆ ಒಬ್ಬರು ಓದಿ ಇನ್ನೊಬ್ಬರು ಹೋಲಿಸಬೇಕು. ಎದುರೆದುರು ಸಿಕ್ಕರೆ ಇನ್ನೂ ಸುಲಭ: ಓಪನ್‌ಕೀಚೈನ್ ತೋರಿಸುವ ಕ್ಯೂಆರ್ ಕೋಡನ್ನು, ತರಕಾರಿ ಅಂಗಡಿಯಲ್ಲಿ ಯುಪಿಐಗೆ ಹಿಡಿದಂತೆ, ಕ್ಯಾಮೆರಾ ಹಿಡಿದು ಓದಿಸಿದರೆ ಸಾಕು. ಆಡಿಟರ್‌ಗೆ ಕಾಗದ ಕಳಿಸುವವರಿಗೆ ಇಷ್ಟು ಎಚ್ಚರ ಪ್ರತಿಸಲ ಬೇಕಿಲ್ಲ. ಪತ್ರಕರ್ತರು, ವಕೀಲರು, ಒಳಗಿನ ಭ್ರಷ್ಟಾಚಾರವನ್ನು ಹೊರಗೆ ಹೇಳಹೊರಟ ನೌಕರರು ಇದನ್ನು ಬಿಡಲೇಬಾರದು.

ಎರಡರಲ್ಲಿ ಯಾವುದು ಮೇಲು? ಬಳಕೆಯ ಸುಖದಲ್ಲಿ ಮೊದಲನೆಯದೇ ಮುಂದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರೋಟಾನ್ ಮತ್ತು ಟುಟಾ ನಡುವೆ ಮೇಲ್ ಹೋದರೆ ಆ ತಾನಾಗಿ ಬೀಳುವ ಬೀಗ ಬೀಳುವುದಿಲ್ಲ. ಒಂದೊಂದೂ ಅದರದರ ಕಾಂಪೌಂಡಿನೊಳಗೇ ಭದ್ರ. ಓಪನ್‌ಪಿಜಿಪಿಯಲ್ಲಿ ಕೀಲಿಕೈ ಸಂಪೂರ್ಣ ಬಳಕೆದಾರರದು, ನಾಳೆ ಮೇಲ್ ಕಂಪನಿ ಬದಲಿಸಿದರೂ ಕೀಲಿ ಜೊತೆಗೇ ಬರುತ್ತದೆ. ಆ ಕಾರಣಕ್ಕೆ, ದಿನಬಳಕೆಗೆ ಮೊದಲನೆಯದನ್ನು ಹಿಡಿದು ಎರಡನೆಯದನ್ನೂ ಕಲಿತಿಟ್ಟುಕೊಳ್ಳುವುದು ಜಾಣತನ.

ಬೀಗ ಯಾವುದನ್ನು ಮುಚ್ಚುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಯಾರು, ಯಾರಿಗೆ, ಯಾವಾಗ ಕಳಿಸಿದರು ಎಂಬುದು ಲಕೋಟೆಯ ಮೇಲಿನ ವಿಳಾಸದಂತೆ ಕಾಣುತ್ತಲೇ ಇರುತ್ತದೆ. ಪ್ರೋಟಾನ್‌ನಲ್ಲಿ ವಿಷಯದ ಸಾಲೂ ಈ ಬೀಗದೊಳಗೆ ಬರುವುದಿಲ್ಲ, ಟುಟಾದಲ್ಲಿ ಬರುತ್ತದೆ. ಹಾಗಾಗಿ ‘ಅಮ್ಮನ ಬಯಾಪ್ಸಿ ವರದಿ’ ಎಂದು ವಿಷಯದಲ್ಲಿ ಬರೆದು ಒಳಗಿನ ವರದಿಗೆ ಮಾತ್ರ ಬೀಗ ಹಾಕಿದರೆ ಹೇಳಬಾರದ್ದನ್ನು ಹೇಳಿದಂತೆಯೇ ಆಯಿತು. 2021ರಲ್ಲಿ ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ಪ್ರಕರಣದಲ್ಲಿ ಸ್ವಿಸ್ ಅಧಿಕಾರಿಗಳ ಆದೇಶಕ್ಕೆ ಮಣಿದು ಪ್ರೋಟಾನ್ ಅವರ ಐಪಿ ವಿಳಾಸವನ್ನು, ಅಂದರೆ ಅಂತರ್ಜಾಲ ಸಂಪರ್ಕದ ಗುರುತನ್ನು, ದಾಖಲಿಸಿ ಒಪ್ಪಿಸಿತು. ಮೇಲ್‌ನ ಒಳಗಿನ ಮಾತು ಮಾತ್ರ ಸಿಗಲಿಲ್ಲ, ಕೊಡಲು ಕಂಪನಿಯ ಬಳಿಯೂ ಇರಲಿಲ್ಲ. ಅನಾಮಧೇಯತೆ ಬೇರೆ, ಗೌಪ್ಯತೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

ಬೀಗ ಗಟ್ಟಿಯಿದ್ದೂ ಕಿಟಕಿ ತೆರೆದಿರುವುದುಂಟು. 2018ರ ಮೇನಲ್ಲಿ ಜರ್ಮನಿಯ ಸಂಶೋಧಕರು ‘ಇಫೇಲ್’ ಎಂಬ ದೋಷವನ್ನು ಬಯಲಿಗೆ ತಂದರು. ಮೇಲ್‌ನಲ್ಲಿ ಹೊರಗಿನಿಂದ ಚಿತ್ರ ತರಿಸುವ ಸಂಕೇತವನ್ನು ಅಡಗಿಸಿಟ್ಟರೆ, ಬೀಗ ತೆರೆದ ಮರುಕ್ಷಣ ಒಳಗಿನ ಬರಹ ಆ ಚಿತ್ರದ ಕೋರಿಕೆಯ ಜೊತೆಗೇ ಕಳ್ಳರ ಸರ್ವರ್‌ಗೆ ಹೋಗಿಬಿಡುತ್ತಿತ್ತು. ಆ್ಯಪ್‌ಗಳು ತಿದ್ದಿಕೊಂಡಿವೆ. ಆದರೂ ಸೆಟ್ಟಿಂಗ್ಸ್‌ನಲ್ಲಿ ಚಿತ್ರಗಳು ತಾವಾಗಿ ತೆರೆದುಕೊಳ್ಳುವುದನ್ನು ನಿಲ್ಲಿಸಿಡುವುದೇ ಕ್ಷೇಮ. ಮೊಬೈಲಿನಲ್ಲಿ ಇನ್ನೊಂದು ಕಿಟಕಿಯಿದೆ: ಪರದೆ ಲಾಕ್ ಆಗಿದ್ದಾಗಲೂ ನೋಟಿಫಿಕೇಷನ್‌ನಲ್ಲಿ ಮಿಂಚುವ ಮೇಲ್‌ನ ಮೊದಲೆರಡು ಸಾಲು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಯಾವ ಕೀಲಿಕೈಯೂ ಬೇಕಿಲ್ಲ.

ಮತ್ತೊಂದು ಮಾತನ್ನು ಒತ್ತಿ ಹೇಳಬೇಕು. ಈ ಸೇವೆಗಳಲ್ಲಿ ‘ಪಾಸ್‌ವರ್ಡ್ ಮರೆತಿರಾ?’ ಎಂಬ ಗುಂಡಿ ಜಿಮೇಲ್‌ನಷ್ಟು ಉದಾರಿಯಲ್ಲ. ಪ್ರೋಟಾನ್ 12 ಪದಗಳ ಒಂದು ಮರುಪಡೆಯುವ ವಾಕ್ಯ ಕೊಡುತ್ತದೆ, ಟುಟಾ ಒಂದು ಸಂಕೇತ ಕೊಡುತ್ತದೆ. ಪಾಸ್‌ವರ್ಡೂ ಹೋಗಿ ಅದೂ ಕಳೆದರೆ ಹಳೆಯ ಮೇಲ್‌ಗಳನ್ನು ಕಂಪನಿಯೂ ತೆರೆದುಕೊಡಲಾರದು. ಅದು ಸೇವೆಯ ದೋಷವಲ್ಲ, ನಮಗೆ ಬೇಕೆಂದು ಕೇಳಿದ ರಕ್ಷಣೆ ನಿಜ ಎಂಬುದಕ್ಕೆ ಸಾಕ್ಷಿ. ಆ ಪದಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡದೆ, ಕಾಗದದ ಮೇಲೆ ಬರೆದು ಜಮೀನಿನ ಪಹಣಿ, ಚಿನ್ನದ ರಸೀದಿ ಇಡುವ ಕಪಾಟಿನಲ್ಲೇ ಇಡುವುದು ಒಳ್ಳೆಯದು.

ಇಂಥ ಬೀಗ ದುಷ್ಟರಿಗೂ ಸಿಗುತ್ತದಲ್ಲ ಎಂಬ ಆತಂಕ ನಿಜವಾದದ್ದು, ತಳ್ಳಿಹಾಕುವಂಥದ್ದಲ್ಲ. 2023ರ ಡಿಸೆಂಬರ್ 1ರ ಬೆಳಿಗ್ಗೆ ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ವಿದೇಶಿ ಮೇಲ್ ಸೇವೆಯ ಮೂಲಕ ಬಾಂಬ್ ಬೆದರಿಕೆ ಬಂತು. ಮಕ್ಕಳನ್ನು ಎತ್ತಿಕೊಂಡು ಓಡಿದ ತಾಯಂದಿರು ಆ ದಿನವನ್ನು ಮರೆತಿಲ್ಲ. ಬೆದರಿಕೆ ಹುಸಿಯಾಗಿತ್ತು, ಭಯ ಹುಸಿಯಾಗಿರಲಿಲ್ಲ. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಒಂದು ಸಂಸ್ಥೆಯ ಮಹಿಳಾ ಉದ್ಯೋಗಿಗಳ ಬಗ್ಗೆ ಅಶ್ಲೀಲ ಮೇಲ್‌ಗಳು ಹರಿದಾಡಿದ ಪ್ರಕರಣದಲ್ಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಪ್ರೋಟಾನ್ ಮೇಲ್ ನಿರ್ಬಂಧಕ್ಕೆ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿದರು. ಆ ಸೇವೆಯನ್ನು ನೆಚ್ಚುವವರು ಈ ವಿಚಾರದ ಮುಂದಿನ ಬೆಳವಣಿಗೆಯ ಮೇಲೆ ಕಣ್ಣಿಟ್ಟಿರಬೇಕು.

ನೊಂದ ಆ ಹೆಣ್ಣುಮಕ್ಕಳಿಗೆ ನ್ಯಾಯ ಸಿಗಲೇಬೇಕು. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಬೆದರಿಕೆಯ ಮೇಲ್ ಶಾಲೆಯ ಮುಖ್ಯಸ್ಥರು ಓದಲೆಂದೇ ಬರೆದದ್ದು, ಅಶ್ಲೀಲ ಮೇಲ್ ಕಚೇರಿಯವರು ನೋಡಲೆಂದೇ ಕಳಿಸಿದ್ದು. ಅಲ್ಲಿ ಒಳಗಿನ ಬರಹ ಪೊಲೀಸರಿಗೆ ಸಿಕ್ಕಿತ್ತು. ಸಿಗದೆ ಹೋದದ್ದು ಕಳಿಸಿದವರ ಗುರುತು. ಆ ತೊಡಕು ಬಿಡಿಸುವ ದಾರಿ ದೇಶ ದೇಶಗಳ ನಡುವಿನ ಕಾನೂನು ಸಹಕಾರ ಚುರುಕಾಗುವುದು. ಆಡಿಟರ್‌ಗೆ ಪ್ಯಾನ್ ಕಳಿಸುವವರ ಬೀಗ ಕಿತ್ತರೆ ಅದು ಬಗೆಹರಿಯುವುದಿಲ್ಲ.

ಬೀಗ ಹಾಕಿದ ಮೇಲ್ ಕಳಿಸುವುದು ಭಾರತದಲ್ಲಿ ಅಪರಾಧವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನಡಿ ಸಕ್ಷಮ ಅಧಿಕಾರಿ ಕಾನೂನುಬದ್ಧವಾಗಿ ಆದೇಶಿಸಿದಾಗ ಬೀಗ ತೆರೆಯಲು ಸಹಕರಿಸದಿದ್ದರೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು, ಅದು ತಿಳಿದಿರಬೇಕು. 2015ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರತಂದ ಎನ್‌ಕ್ರಿಪ್ಷನ್ ನೀತಿಯ ಕರಡು, ಜನ ತಮ್ಮ ಸಂದೇಶಗಳ ಬೀಗವಿಲ್ಲದ ಪ್ರತಿಯನ್ನು 90 ದಿನ ಇಟ್ಟುಕೊಳ್ಳಬೇಕು ಎಂದಿತ್ತು. ವಿರೋಧ ಎಷ್ಟು ಜೋರಾಗಿತ್ತೆಂದರೆ ಕೆಲವೇ ದಿನಗಳಲ್ಲಿ ಅದು ವಾಪಸಾಯಿತು. ಎರಡು ವರ್ಷದ ನಂತರ, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಕ್ಕೊರಲಿನಿಂದ ಹೇಳಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ, ಈ ತೀರ್ಪಿಗೆ ದಾರಿಯಾದ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕುವಾಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ ಅವರು ತೀರಿಕೊಂಡರು. ಕೊಟ್ಟುಹೋದ ಹಕ್ಕು ಪುಸ್ತಕದಲ್ಲಿದೆ, ಬಳಸುವ ಸಾಧನ ಜೇಬಿನಲ್ಲಿದೆ.

ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮೊಬೈಲಿನ ಮೇಲ್ ತೆರೆದು ‘ಸೆಂಟ್’ ಕಡತದಲ್ಲಿ ಆಧಾರ್, ಪ್ಯಾನ್ ಎಂದು ಹುಡುಕಿ ನೋಡಿ. ಎಷ್ಟು ವರ್ಷದ, ಯಾರ್‍ಯಾರಿಗೆ ಕಳಿಸಿದ ಪ್ರತಿಗಳು ಅಲ್ಲಿ ಕೂತಿವೆ ಎಂದು ಎಣಿಸಿ, ಬೇಡವಾದದ್ದನ್ನು ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ. ಆಧಾರ್ ಕಳಿಸಲೇಬೇಕಾದಲ್ಲಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕೇ ಎಂದು ಮೊದಲು ಕೇಳಿ. ಆಮೇಲೆ ಬೀಗದ ಮೇಲ್ ಖಾತೆಯೊಂದನ್ನು ತೆರೆದು, ಮನೆಯವರಲ್ಲೇ ಒಬ್ಬರಿಗೆ ಮೊದಲ ಸಂದೇಶ ಕಳಿಸಿ. ಪಾಸ್‌ವರ್ಡನ್ನು ಅಡುಗೆಮನೆಗೆ ಹೋಗಿ ಕಿವಿಯಲ್ಲಿ ಹೇಳಿ. ಮುಂದಿನ ಜುಲೈನಲ್ಲಿ ಆಡಿಟರ್ ಕಚೇರಿಯಿಂದ ಫೋನ್ ಬಂದಾಗ ಕೈ ತಡವರಿಸುವುದಿಲ್ಲ.